ಜಾನ್ ಆಸ್ಟ್ರಂ ಅವರ ನಿಜವಾದ ಕೊಡುಗೆ ಯಾವುದು?

ಪ್ರಾಣಿಶಾಸ್ತ್ರ ಉಪನ್ಯಾಸಕಿ, ಗಂಗಾವತಿ:
ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನ ಬಿ.ಎಸ್ಸಿ. ವಿದ್ಯಾರ್ಥಿಗಳಿಗಾಗಿ ಹಕ್ಕಿಗಳ ವಿಕಾಸದ ಬಗ್ಗೆ ಉಪನ್ಯಾಸ ಸಿದ್ಧಪಡಿಸುತ್ತಿದ್ದು, ಯೇಲ್ ವಿಶ್ವವಿದ್ಯಾಲಯದ ಜಾನ್ ಆಸ್ಟ್ರಂ (1928–2005) ಅವರ ಸಂಶೋಧನೆಯನ್ನೇ ಆಧಾರವಾಗಿಟ್ಟುಕೊಂಡಿದ್ದೇನೆ. 1964ರಲ್ಲಿ ಮೊಂಟಾನಾದಲ್ಲಿ ಡೈನೋನಿಕಸ್ ಎಂಬ ಡೈನೋಸಾರಿನ ಪಳೆಯುಳಿಕೆ ಕಂಡವರೆಂದು ಅವರು ಪ್ರಸಿದ್ಧರು. ಆದರೆ ಹಕ್ಕಿಗಳಿಗೂ ಡೈನೋಸಾರ್‌ಗಳಿಗೂ ನಂಟಿದೆಯೆಂದು ಬ್ರಿಟಿಷ್ ಜೀವವಿಜ್ಞಾನಿ ಥಾಮಸ್ ಹಕ್ಸ್‌ಲಿ 1860ರ ದಶಕದಲ್ಲಿಯೇ ಹೇಳಿದ್ದರಲ್ಲವೇ? ಹಾಗಾದರೆ ಆಸ್ಟ್ರಂ ಅವರು ಹೊಸದಾಗಿ ಸೇರಿಸಿದ್ದು ಏನೆಂದು ವಿದ್ಯಾರ್ಥಿಗಳಿಗೆ ಹೇಳಲಿ?

ಜೀವವಿಜ್ಞಾನ ಓದುಗ, ರಾಯಚೂರು:
ಮೇಡಂ, ಹಕ್ಸ್‌ಲಿಯವರ ವಿಚಾರ ನಡುವೆ ಬಿದ್ದುಹೋಗಿತ್ತು ಎಂಬುದನ್ನು ಮೊದಲು ಹೇಳಬೇಕು. ಡೆನ್ಮಾರ್ಕಿನ ಗೆರ್ಹಾರ್ಡ್ ಹೈಲ್ಮನ್ 1926ರಲ್ಲಿ, ಹಕ್ಕಿಗಳಲ್ಲಿ ಎರಡು ಕೊರಳೆಲುಬುಗಳು ಕೂಡಿ ಕವಲುಮೂಳೆಯಾಗಿವೆ, ಡೈನೋಸಾರ್‌ಗಳಲ್ಲಿ ಕೊರಳೆಲುಬೇ ಇಲ್ಲ, ಒಮ್ಮೆ ಕಳೆದುಹೋದ ಅಂಗ ವಿಕಾಸದಲ್ಲಿ ಮರಳಿ ಬರಲಾರದು ಎಂದು ವಾದಿಸಿದರು. ಈ ತರ್ಕವನ್ನು ಸುಮಾರು ನಾಲ್ಕು ದಶಕ ಬಹುತೇಕ ಎಲ್ಲರೂ ಒಪ್ಪಿದ್ದರು. ವಿಷಾದದ ಸಂಗತಿಯೆಂದರೆ, 1924ರಲ್ಲೇ ವರ್ಣಿತವಾದ ಓವಿರಾಪ್ಟರ್ ಎಂಬ ಡೈನೋಸಾರಿನಲ್ಲಿ ಆ ಕವಲುಮೂಳೆ ಇತ್ತು. ಅದನ್ನು ಬೇರೊಂದು ಮೂಳೆಯೆಂದು ಗುರುತಿಸಲಾಗಿತ್ತು.

ಆಸ್ಟ್ರಂ ಅವರು ಡೈನೋನಿಕಸ್‌ನ ಒಂದೊಂದು ಮೂಳೆಯನ್ನೂ ವಿವರಿಸಿ 1969ರಲ್ಲಿ ಪ್ರಕಟಿಸಿದರು. ಹಿಂಗಾಲಿನ ಕುಡುಗೋಲಿನಂಥ ಉಗುರು, ಎಲುಬಿನ ಕಡ್ಡಿಗಳಿಂದ ಬಿಗಿಗೊಂಡ ಬಾಲ, ಎರಡು ಕಾಲಿನ ಮೇಲೆ ನಿಂತು ಬೇಟೆಯಾಡುವ ಮೈಕಟ್ಟು, ಇವು ಡೈನೋಸಾರ್ ಎಂದರೆ ಜಡ ಪ್ರಾಣಿ ಎಂಬ ಕಲ್ಪನೆಯನ್ನೇ ಅಲುಗಾಡಿಸಿದವು. ನನಗೆ ಇದಕ್ಕಿಂತ ಮಹತ್ವದ್ದೆನಿಸುವುದು ಮುಂದಿನ ಹೆಜ್ಜೆ. 1970ರಲ್ಲಿ ನೆದರ್ಲೆಂಡ್ಸ್‌ನ ಹಾರ್ಲೆಮ್ ನಗರದ ಟೇಲರ್ಸ್ ವಸ್ತುಸಂಗ್ರಹಾಲಯದಲ್ಲಿ, 1857ರಿಂದ ಹಾರುವ ಸರೀಸೃಪವೆಂದು ಹೆಸರು ಪಡೆದಿದ್ದ ಮಾದರಿಯೊಂದನ್ನು ನೋಡಿದ ಅವರು, ಅದು ಆದಿಪಕ್ಷಿ ಆರ್ಕಿಯಾಪ್ಟೆರಿಕ್ಸ್ ಎಂದು ಗುರುತಿಸಿದರು. ಅದರ ಕೈ, ಮಣಿಕಟ್ಟು, ಭುಜಗಳು ಡೈನೋನಿಕಸ್‌ನವನ್ನು ಎಷ್ಟು ಹೋಲುತ್ತವೆ ಎಂಬುದನ್ನು 1973ರಿಂದ 1976ರವರೆಗಿನ ಲೇಖನಗಳಲ್ಲಿ ಸಾಲುಸಾಲಾಗಿ ತೋರಿಸಿದರು. ಹಕ್ಸ್‌ಲಿಯವರು ಮುಖ್ಯವಾಗಿ ಹಿಂಗಾಲು ಮತ್ತು ಸೊಂಟದ ಮೂಳೆಗಳನ್ನು ಆಧರಿಸಿದ್ದರೆ, ಆಸ್ಟ್ರಂ ಅವರು ರೆಕ್ಕೆಯಾಗಲಿದ್ದ ಕೈಯನ್ನೇ ಸಾಕ್ಷಿಯಾಗಿ ಮುಂದಿಟ್ಟರು.

ಭೂವಿಜ್ಞಾನ ಅಧ್ಯಾಪಕ, ಸಂಡೂರು:
ಮೇಲಿನ ಉತ್ತರಕ್ಕೆ ನನ್ನ ಸಹಮತವಿದೆ, ಆದರೆ ಅವರ ಪ್ರಭಾವವನ್ನು ಹಕ್ಕಿಗಳಿಗೆ ಮಾತ್ರ ಸೀಮಿತಗೊಳಿಸುವುದು ಸರಿಯಲ್ಲ. 1964ರ ಲೇಖನವೊಂದರಲ್ಲಿ ಅವರು, ಬಾತುಕೊಕ್ಕಿನ ಡೈನೋಸಾರ್‌ಗಳು ನೀರಿನಲ್ಲಿ ಬದುಕುತ್ತಿದ್ದವೆಂಬ ರೂಢಿಯ ನಂಬಿಕೆಯನ್ನು ತಳ್ಳಿಹಾಕಿ, ಅವು ನೆಲದ ಮೇಲೆ ಗಟ್ಟಿ ಸಸ್ಯಗಳನ್ನು ಮೇಯುತ್ತಿದ್ದವೆಂದು ವಾದಿಸಿದ್ದರು. ಡೈನೋಸಾರ್‌ಗಳು ಬಿಸಿರಕ್ತದವೆಂದು ಜೋರಾಗಿ ಸಾರಿದ ರಾಬರ್ಟ್ ಬ್ಯಾಕರ್ ಅವರೂ ಯೇಲ್‌ನಲ್ಲಿ ಇವರ ವಿದ್ಯಾರ್ಥಿಯೇ. ಶಿಷ್ಯನ ಉತ್ಸಾಹದ ಎದುರು ಗುರುವಿನ ಎಚ್ಚರಿಕೆ ನನಗೆ ಹೆಚ್ಚು ಅಮೂಲ್ಯವಾಗಿ ಕಾಣುತ್ತದೆ: ನೆಟ್ಟಗಿನ ನಿಲುವು ಚುರುಕು ದೇಹವನ್ನು ಸೂಚಿಸುತ್ತದೆ ಎಂದರೇ ಹೊರತು, ಎಲ್ಲ ಡೈನೋಸಾರ್‌ಗಳ ಬಗ್ಗೆ ಒಂದೇ ತೀರ್ಪು ಕೊಡಲು ಅವರು ಮುಂದಾಗಲಿಲ್ಲ. ಚೀನಾದಲ್ಲಿ ದೊರೆತ ಗರಿಯಂಥ ಹೊದಿಕೆಯ ಸೈನೋಸಾರಾಪ್ಟೆರಿಕ್ಸ್ ಎಂಬ ಡೈನೋಸಾರ್ 1996ರಲ್ಲಿ ಬೆಳಕಿಗೆ ಬಂದಾಗ ಅವರು ಬದುಕಿದ್ದರು ಎಂಬುದು ಸಂತೋಷದ ವಿಷಯ.

ಇನ್ನೊಂದು ಮಾತು. ಹಾರ್ಲೆಮ್‌ನ ಆ ಮಾದರಿ ಆರ್ಕಿಯಾಪ್ಟೆರಿಕ್ಸ್ ಅಲ್ಲ, ಹಕ್ಕಿಗಳಿಗೆ ತೀರ ಹತ್ತಿರದ ಬೇರೊಂದು ಡೈನೋಸಾರ್ ಎಂದು 2017ರಲ್ಲಿ ಇಬ್ಬರು ಸಂಶೋಧಕರು ವಾದಿಸಿ, ಅದಕ್ಕೆ ಆಸ್ಟ್ರೋಮಿಯಾ ಎಂದು ಆಸ್ಟ್ರಂ ಅವರದೇ ಹೆಸರಿಟ್ಟರು. ಇದನ್ನು ದಯವಿಟ್ಟು ಉಪನ್ಯಾಸದಲ್ಲಿ ಸೇರಿಸಿ.

ಪ್ರಾಣಿಶಾಸ್ತ್ರ ಉಪನ್ಯಾಸಕಿ, ಗಂಗಾವತಿ:
ಇಬ್ಬರಿಗೂ ಧನ್ಯವಾದಗಳು. ವಿದ್ಯಾರ್ಥಿಗಳಿಗೆ ಕಣ್ಣಾರೆ ತೋರಿಸಲು ನಮ್ಮ ಸುತ್ತಮುತ್ತ ಏನಾದರೂ ಸಿಗುತ್ತದೆಯೇ ಸರ್?

ಭೂವಿಜ್ಞಾನ ಅಧ್ಯಾಪಕ, ಸಂಡೂರು:
ನಮ್ಮ ಬಂಡೆಗಳಲ್ಲಿ ಸಿಗುವುದಿಲ್ಲ ಮೇಡಂ. ಸಂಡೂರಿನ ಅದಿರು ಬೆಟ್ಟಗಳ ಶಿಲೆಗಳು ಸುಮಾರು 270 ಕೋಟಿ ವರ್ಷ ಹಳೆಯವು. ಡೈನೋಸಾರ್‌ಗಳು ಕಾಣಿಸಿಕೊಂಡದ್ದೇ ಸುಮಾರು 23 ಕೋಟಿ ವರ್ಷಗಳ ಹಿಂದೆ. ಹೈದರಾಬಾದಿನ ಬಿರ್ಲಾ ವಿಜ್ಞಾನ ಕೇಂದ್ರದಲ್ಲಿ ಗೋದಾವರಿ ಕಣಿವೆಯ ಕೋಟಾಸಾರಸ್ ಅಸ್ಥಿಪಂಜರವಿದೆ. ಆದರೆ ಅದು ಉದ್ದ ಕತ್ತಿನ ಸಸ್ಯಾಹಾರಿಯಾದ್ದರಿಂದ ಆಸ್ಟ್ರಂ ಅವರ ವಾದವನ್ನು ಅದರ ಮೇಲೆ ತೋರಿಸಲಾಗದು. ಅದಕ್ಕೆ ಬೇಯಿಸಿ ಸ್ವಚ್ಛಗೊಳಿಸಿದ ಕೋಳಿಯ ರೆಕ್ಕೆ ಮತ್ತು ಎದೆಯ ಕವಲುಮೂಳೆ ಸಾಕು. ಡೈನೋನಿಕಸ್‌ನ ಕೈಯ ರೇಖಾಚಿತ್ರವನ್ನು ಪಕ್ಕದಲ್ಲಿಟ್ಟು, ಮೂರು ಬೆರಳುಗಳನ್ನೂ ಮಣಿಕಟ್ಟನ್ನೂ ವಿದ್ಯಾರ್ಥಿಗಳೇ ಹೋಲಿಸಿ ಗುರುತಿಸಲಿ.