ನಿಂತ ಗಾಡೀಲಿ ಬ್ಯಾಟರಿ ಖಾಲಿ ಆಗ್ತಿದೆ, ಎಲ್ಲಿಂದ ಹುಡುಕಲಿ?

ಕೇಳಿದವರು, ದಾವಣಗೆರೆ:
ನಂದು 2008ರ ಡೀಸೆಲ್ ಪಿಕಪ್. ಮಂಡಕ್ಕಿ ಭಟ್ಟಿಯಿಂದ ಚೀಲ ಹೇರ್ಕೊಂಡು ಜಗಳೂರು, ಹೊಳಲ್ಕೆರೆ ಕಡೆ ಸಂತೆಗೆ ಹೋಗ್ತೀನಿ. ದಿನಾ ಓಡಿಸಿದ್ರೆ ಯಾವ ತಕರಾರೂ ಇಲ್ಲ. ಎರಡು ದಿನ ನಿಲ್ಸಿದ್ರೆ ಸೆಲ್ಫ್ ಹೊಡೆದಾಗ ಬರೀ ಕಟ್ ಕಟ್. ಮೂರನೇ ದಿನ ಅದೂ ಇಲ್ಲ. ಬ್ಯಾಟರಿ ಹೊಸದು, 75 ಎ.ಎಚ್. (ಆಂಪ್-ಅವರ್, ಅಂದ್ರೆ ಆಂಪ್ ಗುಣಿಸು ಗಂಟೆ), ಹಾಕ್ಸಿ ನಾಲ್ಕು ತಿಂಗಳಾಯ್ತು. ಇಂಜಿನ್ ಆನ್ ಇದ್ದಾಗ ಮೀಟರ್ ಹಿಡಿದ್ರೆ 14.1 ವೋಲ್ಟ್ ಬರ್ತದೆ. ಒಬ್ರು ಬ್ಯಾಟರಿ ಚಾರ್ಜ್ ಮಾಡೋ ಡೈನಮೋ ಬದಲಿಸು ಅಂತಾರೆ, ಇನ್ನೊಬ್ರು ವೈರಿಂಗ್ ಪೂರ್ತಿ ಹೊಸದು ಎಳಿಸು ಅಂತಾರೆ. ಭಟ್ಟಿ ಹುಡುಗ್ರು ತಳ್ಳಿ ತಳ್ಳಿ ಸಾಕಾಗಿ, ಈಗ ನಾನು ಚಾವಿ ತೆಗೆದ್ರೆ ಒಳಗೆ ಹೋಗಿಬಿಡ್ತಾರೆ. ಯಾರಿಗಾದ್ರೂ ಹಿಂಗಾಗಿತ್ತಾ?

ಹಿರಿಯೂರಿನ ಡ್ರೈವರ್:
ಅಣ್ಣ, ಹೊಸ ಬ್ಯಾಟರಿ ಅಂತ ನಂಬಬೇಡಿ. ಫುಲ್ ಚಾರ್ಜ್ ಮಾಡಿ, ಮೈನಸ್ ಟರ್ಮಿನಲ್ ಕಿತ್ತು ಎರಡು ದಿನ ಹಂಗೇ ಬಿಡಿ. ಆಮೇಲೂ 12.6 ಹತ್ರ ಇದ್ರೆ ಬ್ಯಾಟರಿ ತಪ್ಪಿಲ್ಲ, ಗಾಡಿ ಕುಡೀತಿದೆ ಅಂತ ಅರ್ಥ. 12.2ಕ್ಕೆ ಬಂದ್ರೆ ಅರ್ಧ ಖಾಲಿ, ವಾರಂಟಿ ಕಾರ್ಡ್ ಹುಡುಕ್ಕೊಳ್ಳಿ. ಹಂಗೇ ಬ್ಯಾಟರಿ ತಲೆ ಮೇಲಿನ ಧೂಳು, ಆಸಿಡ್ ಜಿಡ್ಡು ಒರೆಸಿ. ಎರಡು ಟರ್ಮಿನಲ್ ನಡುವೆ ಅದೇ ತಂತಿ ಥರ ಕೆಲಸ ಮಾಡ್ತದೆ.

ಆಟೋ ಎಲೆಕ್ಟ್ರಿಷಿಯನ್, ಹಳೇ ಪಿ.ಬಿ. ರಸ್ತೆ ಕಡೆಯವರು:
ವೈರಿಂಗ್ ಪೂರ್ತಿ ಎಳಿಸು ಅಂದವರ ಮಾತು ಕಿವಿಗೆ ಹಾಕ್ಕೋಬೇಡಿ. ಅದು ಇಲಿ ಹಿಡಿಯೋಕೆ ಮನೆ ಕೆಡವಿದಂಗೆ. ಎಷ್ಟು ಕರೆಂಟ್ ಹೋಗ್ತಿದೆ ಅಂತ ಅಳೀದೆ ಏನೂ ಬಿಚ್ಚಬಾರದು.

ಚಾವಿ ತೆಗೆದು ಜೇಬಲ್ಲಿ ಇಟ್ಕೊಳ್ಳಿ. ಬಾಗಿಲು ಹಾಕಿ, ಇಲ್ಲಾಂದ್ರೆ ಕ್ಯಾಬಿನ್ ಬಲ್ಬ್ ಕಿತ್ತಿಡಿ. 5 ವ್ಯಾಟ್ ಬಲ್ಬ್ ಒಂದೇ 0.4 ಆಂಪ್ ಎಳೀತದೆ, ನಿಮ್ಮ ಲೆಕ್ಕ ಕೆಡಿಸ್ತದೆ. ಬ್ಯಾಟರಿ ಮೈನಸ್ ಕೇಬಲ್ ಬಿಚ್ಚಿ. ಯಾವಾಗ್ಲೂ ಮೈನಸ್ಸೇ ಮೊದಲು, ವಾಪಸ್ ಹಾಕೋವಾಗ ಕೊನೆಗೆ. ಪ್ಲಸ್ ಬಿಚ್ಚೋವಾಗ ಸ್ಪ್ಯಾನರ್ ಬಾಡಿಗೆ ತಾಗಿ ಕಿಡಿ ಹಾರಿದ್ದನ್ನ ನೋಡಿದವನು ಇದನ್ನ ಮರೆಯಲ್ಲ.

ಈಗ ಬಿಚ್ಚಿದ ಕೇಬಲ್ಲಿಗೂ ಬ್ಯಾಟರಿ ಮೈನಸ್ಸಿಗೂ ನಡುವೆ ಮೊದಲು ಒಂದು 21 ವ್ಯಾಟ್ ಇಂಡಿಕೇಟರ್ ಬಲ್ಬ್ ಹಿಡೀರಿ, ನೇರ ಮೀಟರ್ ಬೇಡ. ಜೋರಾಗಿ ಉರಿದ್ರೆ ದೊಡ್ಡ ಕಳ್ಳ ಇದ್ದಾನೆ, ಮೀಟರ್ ಹಾಕಿದ್ರೆ ಅದರೊಳಗಿನ ಫ್ಯೂಸ್ ಹಾರ್ತದೆ. ಉರೀದಿದ್ರೆ ಅಥವಾ ಮಿಣುಕ್ ಅಂದ್ರೆ ಮಾತ್ರ ಮಲ್ಟಿಮೀಟರ್ ಅದೇ ಜಾಗಕ್ಕೆ ತನ್ನಿ. ಕೆಂಪು ವೈರ್ 10 ಆಂಪ್ ಅಂತ ಬರೆದ ತೂತಿಗೆ. ಮೀಟರ್ ಸಿಕ್ಕಿಸಿಕೊಂಡಿರೋವಾಗ ಯಾರೂ ಸೆಲ್ಫ್ ಹೊಡೀಬಾರ್ದು, ಇಗ್ನಿಷನ್ ಕೂಡ ಆನ್ ಮಾಡಬಾರ್ದು. ನಮ್ಮ ಅಂಗಡೀಲಿ ಹುಡುಗನೊಬ್ಬ "ಒಂದ್ ಸಲ ನೋಡ್ತೀನಿ" ಅಂತ ಚಾವಿ ತಿರುಗಿಸಿ, ಎರಡು ಮೀಟರ್ ಸುಟ್ಟಿದಾನೆ. ಅವನೇ ಈಗ ಬೇರೆಯವರಿಗೆ ಬುದ್ಧಿ ಹೇಳ್ತಾನೆ.

ಹತ್ತು ಹದಿನೈದು ನಿಮಿಷ ಬಿಟ್ಟು ಓದಿ. ಇಷ್ಟು ಹಳೇ ಗಾಡೀಲಿ 0.05 ಆಂಪ್ ಒಳಗಿದ್ರೆ ಚಿಂತೆ ಇಲ್ಲ. 0.3 ಇದ್ರೆ ದಿನಕ್ಕೆ 7.2 ಎ.ಎಚ್. ಹೋಯ್ತು, ಐದು ದಿನಕ್ಕೆ ನಿಮ್ಮ ಬ್ಯಾಟರಿ ಅರ್ಧ. ಎರಡೇ ದಿನಕ್ಕೆ ಸೆಲ್ಫ್ ಏಳಲ್ಲ ಅಂದ್ರೆ ನಿಮ್ಮದು ಇನ್ನೂ ಜಾಸ್ತಿ ಇರಬೇಕು, ಮುಕ್ಕಾಲು ಆಂಪ್ ಮೇಲೆ ಅಂತ ನನ್ನ ಅಂದಾಜು.

ಆಮೇಲೆ ಫ್ಯೂಸ್ ಒಂದೊಂದೇ ಕೀಳಿ, ಮೀಟರ್ ನೋಡಿ, ವಾಪಸ್ ಹಾಕಿ, ಮುಂದಿನದಕ್ಕೆ ಹೋಗಿ. ಯಾವುದನ್ನ ಕಿತ್ತಾಗ ಅಂಕಿ ದಬಕ್ ಅಂತ ಬಿತ್ತೋ ಆ ಲೈನಲ್ಲಿ ಕಳ್ಳ. ಕಿತ್ತಿದ್ದನ್ನ ಅದೇ ಮನೆಗೆ ಹಾಕಿ. 10ರ ಜಾಗಕ್ಕೆ 20ರ ಫ್ಯೂಸ್ ಹಾಕ್ಕೊಂಡು ಬಂದ ಗಾಡಿಗಳನ್ನ ನೋಡಿ ನೋಡಿ ಸಾಕಾಗಿದೆ. ಹೊರಗಡೆ ಸೇರಿಸಿದ ಸಾಮಾನು ಮೊದಲು ಅನುಮಾನಿಸಿ: ಸ್ಟೀರಿಯೋ, ಆಂಪ್ಲಿಫೈಯರ್, ಜಿ.ಪಿ.ಎಸ್., ಆಯುಧಪೂಜೆಗೆ ಅಂಟಿಸಿ ಮರೆತ ಲೈಟ್ ಪಟ್ಟಿ. ಡೀಸೆಲ್ ಗಾಡಿ ಆದ್ದರಿಂದ ಗ್ಲೋ ಪ್ಲಗ್ (ತಣ್ಣಗಿರೋ ಇಂಜಿನ್ ಹತ್ತೋಕೆ ಒಳಗೆ ಬಿಸಿ ಮಾಡೋದು) ರಿಲೇ, ಅಂದ್ರೆ ಅದರ ಸ್ವಿಚ್, ಆನ್ ಆಗೇ ಅಂಟ್ಕೊಂಡಿದೆಯಾ ಅಂತಲೂ ನೋಡಿ. ಆದ್ರೆ ಅದು ಅಂಟಿದ್ರೆ ಎರಡು ದಿನ ಕಾಯಲ್ಲ, ರಾತ್ರಿ ಒಳಗೇ ಮುಗಿಸಿಬಿಡ್ತದೆ.

ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರು:
ನಂದು ಬ್ರೇಕ್ ಲೈಟ್ ಆಗಿತ್ತು ಮಾರಾಯ್ರೆ. ಪೆಡಲ್ ಹತ್ರ ಸ್ವಿಚ್ ಒತ್ತೋ ಸಣ್ಣ ರಬ್ಬರ್ ಗುಂಡಿ ಪುಡಿ ಆಗಿ ಬಿದ್ದಿತ್ತು, ಲೈಟ್ ಆರ್ತಾನೇ ಇರ್ಲಿಲ್ಲ. ಹಗಲು ಗೊತ್ತಾಗಲ್ಲ. ರಾತ್ರಿ ತೋಟದ ಮನೇಲಿ ನಮ್ಮ ಅಮ್ಮ "ಗಾಡಿ ಹಿಂದೆ ಕೆಂಪು ಕಾಣ್ತದಲ್ಲೋ" ಅಂದ್ರು. ಎರಡು ಬಲ್ಬ್ ಸೇರಿ ಮೂರೂವರೆ ಆಂಪ್! ಕತ್ತಲಾದ ಮೇಲೆ ಒಂದು ಸುತ್ತು ಹಾಕಿ ನೋಡಿ, ಕಾಸು ಖರ್ಚಿಲ್ಲ.

ಚಳ್ಳಕೆರೆಯವರು, ಶೇಂಗಾ ಸಾಗಿಸೋರು:
ಎಲೆಕ್ಟ್ರಿಷಿಯನ್ ಅಣ್ಣಾವ್ರು ಹೇಳಿದ್ದೆಲ್ಲ ಸರಿ, ಒಂದು ಬಿಟ್ಟು. ಫ್ಯೂಸ್ ಎಲ್ಲ ಕಿತ್ರೂ ಅಂಕಿ ಅಲ್ಲಾಡ್ಲಿಲ್ಲ ಅಂದ್ರೆ? ನನಗೆ ಹಂಗೇ ಆಯ್ತು. ಎರಡು ತಿಂಗಳು ಅಲೆದೆ. ಸ್ಟೀರಿಯೋ ಕಿತ್ತೆ, ಹಾರ್ನ್ ರಿಲೇ ಕಿತ್ತೆ, ಕೊನೆಗೆ ಫ್ಯೂಸ್ ಬಾಕ್ಸೇ ಬದಲಾಯಿಸಿದೆ. ಡೈನಮೋದಿಂದ ಬ್ಯಾಟರಿಗೆ ಹೋಗೋ ದಪ್ಪ ವೈರ್ ಕ್ಯಾಬಿನ್ನಿನ ಫ್ಯೂಸ್ ಬಾಕ್ಸ್ ಒಳಗೆ ಬರೋದೇ ಇಲ್ಲ. ಡೈನಮೋ ಒಳಗಿನ ಡಯೋಡ್ ಕೆಟ್ರೆ, ಹೊರಗೆ ಮಾತ್ರ ಹೋಗಬೇಕಾದ ಕರೆಂಟ್ ಹಿಂದಕ್ಕೂ ಹರೀತದೆ. ಚಾರ್ಜಿಂಗ್ ವೋಲ್ಟೇಜ್ ಮಾತ್ರ ಚೆನ್ನಾಗೇ ತೋರಿಸ್ತಿರ್ತದೆ, ಅದಕ್ಕೇ ಯಾರೂ ಅನುಮಾನ ಪಡಲ್ಲ.

ನನಗೆ ಗೊತ್ತಾಗಿದ್ದು ಕೈಯಿಂದ. ಚಳಿಗಾಲ, ಬೆಳಿಗ್ಗೆ ಐದೂವರೆ, ಬಾನೆಟ್ ಎತ್ತಿ ಸುಮ್ನೆ ಡೈನಮೋ ಮೇಲೆ ಕೈ ಇಟ್ಟೆ. ಇಂಜಿನ್ ಐಸ್ ಥರ ತಣ್ಣಗೆ, ಇದರ ಹಿಂಬದಿ ಮಾತ್ರ ಬೆಚ್ಚಗೆ, ಕರು ಮೂಗು ಮುಟ್ಟಿದಂಗೆ. ರಾತ್ರಿಯೆಲ್ಲ ಅದು ಬ್ಯಾಟರಿ ತಿಂತಾ ಕೂತಿತ್ತು.

ಎಲೆಕ್ಟ್ರಿಷಿಯನ್:
ಒಪ್ಪಿದೆ, ಅದನ್ನ ನಾನೇ ಹೇಳಬೇಕಿತ್ತು. ಮೈನಸ್ ಬಿಚ್ಚಿಟ್ಟು ಆ ದಪ್ಪ ವೈರನ್ನ ಡೈನಮೋದಿಂದ ತೆಗೀರಿ, ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿ. ಅದು ನೇರ ಬ್ಯಾಟರಿ ಪ್ಲಸ್, ಬಾಡಿಗೆ ತಾಗಿದ್ರೆ ಬೆಂಕಿ. ಆಮೇಲೆ ಮೀಟರ್ ಮತ್ತೆ ಹಾಕಿ ನೋಡಿ. ಎಲ್ಲ ವೈರ್ ವಾಪಸ್ ಜೋಡಿಸಿದ ಮೇಲೆ ಇಂಜಿನ್ ಆನ್ ಮಾಡಿ ಬ್ಯಾಟರಿ ಮೇಲೆ ಎ.ಸಿ. ವೋಲ್ಟ್ ಅಳೆದು ಅರ್ಧ ವೋಲ್ಟ್ ಮೇಲೆ ಬಂದ್ರೆ ಡಯೋಡ್ ಅನುಮಾನ ಅಂತ ಇನ್ನೊಂದು ದಾರಿ ಇದೆ. ಆದ್ರೆ ಸಂತೆ ಮೀಟರ್‌ಗಳು ಎ.ಸಿ.ಯಲ್ಲಿ ಸುಳ್ಳು ಹೇಳ್ತವೆ, ಅದನ್ನೇ ನಂಬಬೇಡಿ.

ಮತ್ತೆ ದಯವಿಟ್ಟು, ಇಂಜಿನ್ ಓಡ್ತಿರೋವಾಗ ಟರ್ಮಿನಲ್ ಕಿತ್ತು "ಡೈನಮೋ ಸರಿ ಇದೆ" ಅನ್ನೋ ಹಳೇ ಪರೀಕ್ಷೆ ಯಾರೂ ಮಾಡಬೇಡಿ. ಡಯೋಡ್, ರೆಗ್ಯುಲೇಟರ್ ಸುಡೋದೇ ಹಂಗೆ.

ಕೇಳಿದವರು:
ಭಾನುವಾರ ಕೂತು ಮಾಡ್ದೆ. ಬಲ್ಬ್ ಮಿಣುಕ್ ಅಂತು. ಮೀಟರ್ 0.85! ದಿನಕ್ಕೆ 20 ಎ.ಎಚ್., ಎರಡು ದಿನಕ್ಕೆ ಅರ್ಧ ಬ್ಯಾಟರಿಗಿಂತ ಜಾಸ್ತಿ. ಅಣ್ಣಾವ್ರ ಅಂದಾಜು ಸರಿ. ಸ್ಟೀರಿಯೋ ಫ್ಯೂಸ್ ಕಿತ್ತಾಗ 0.73ಕ್ಕೆ ಇಳೀತು. ಅದೇ ಕಳ್ಳ ಅಂತ ಖುಷಿಪಟ್ಟು ಚಾ ಕುಡಿಯೋಕೆ ಹೋದೆ. ವಾಪಸ್ ಬಂದು ಲೆಕ್ಕ ಹಾಕಿದ್ರೆ ಮುಕ್ಕಾಲು ಪಾಲು ಹಂಗೇ ಇದೆ. ಮಿಕ್ಕಿದ ಫ್ಯೂಸ್ ಎಲ್ಲ ಕಿತ್ತೆ, ಅಲ್ಲಾಡ್ಲಿಲ್ಲ. ಚಳ್ಳಕೆರೆ ಅಣ್ಣನ ಮಾತಿನಂತೆ ದಪ್ಪ ವೈರ್ ತೆಗೆದು ಟೇಪ್ ಸುತ್ತಿ ಹಾಕಿದ್ರೆ 0.02.

ಅಂದ್ರೆ ಡೈನಮೋ ಬದಲಿಸು ಅಂದವರೂ ಅರ್ಧ ಸರಿ. ಪೂರ್ತಿ ಬದಲಿಸಲಿಲ್ಲ, ಬಿಚ್ಚಿಸಿ ಡಯೋಡ್ ಪ್ಲೇಟ್ ಒಂದೇ ಹಾಕ್ಸಿದೆ. ಹಳೇ ಪ್ಲೇಟ್ ಮೇಲೆ ಎಣ್ಣೆ ಜಿಡ್ಡಲ್ಲಿ ಕಲೆಸಿದ ಕಪ್ಪು ಬೂದಿ, ಉಗುರಲ್ಲಿ ಕೆರೆದ್ರೆ ಪದರ ಪದರವಾಗಿ ಬಂತು. ಭಟ್ಟೀಲಿ ಉರಿಸೋ ಭತ್ತದ ಹೊಟ್ಟಿನ ಬೂದಿ ಇರಬೇಕು, ಗಾಡಿ ನಿಲ್ಲೋದೇ ಅಲ್ಲಿ. ಅದರಿಂದಲೇ ಕೆಟ್ಟಿತೋ ವಯಸ್ಸಾಗಿ ಕೆಟ್ಟಿತೋ ಆ ಮಿಸ್ತ್ರಿಗೂ ಹೇಳೋಕಾಗ್ಲಿಲ್ಲ.

ಸ್ಟೀರಿಯೋಗೆ ಯಾವಾಗ್ಲೂ ಕರೆಂಟ್ ಕೊಡೋ ಹಳದಿ ವೈರನ್ನೂ, ಚಾವಿ ಹಾಕಿದ್ರೆ ಮಾತ್ರ ಕರೆಂಟ್ ಬರೋ ಲೈನಿಗೆ ಹಾಕಿಸಿದೆ. ಈಗ ಪ್ರತಿ ಸಲ ರೇಡಿಯೋ ಸ್ಟೇಷನ್ ಮರೆತಿರ್ತದೆ, ಪರವಾಗಿಲ್ಲ. ನಾಲ್ಕು ದಿನ ನಿಲ್ಸಿ ನಿನ್ನೆ ಬೆಳಿಗ್ಗೆ ಅಳೆದೆ, 12.5. ಒಂದೇ ಸೆಲ್ಫಿಗೆ ಹತ್ತಿತು. ಹುಡುಗ್ರು ಮಾತ್ರ ಇನ್ನೂ ನಂಬಿಲ್ಲ, ನಾನು ಗಾಡಿ ಹತ್ರ ಹೋದ್ರೆ ಒಳಗೆ ಓಡ್ತಾರೆ.