‘ಎಸ್.ವಿ.’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನುವುದು?

ಮುಂಬಯಿಯಲ್ಲಿ ಕನ್ನಡ ಸಂಶೋಧನಾ ಪ್ರಬಂಧಗಳ ಕರಡು ತಿದ್ದಿಕೊಡುತ್ತೇನೆ. ಕಳೆದ ವಾರ ಒಂದು ಅಡಿಟಿಪ್ಪಣಿ ನನ್ನ ಅರ್ಧ ದಿನ ತಿಂದಿತು. ‘ಕಾಡು’ ಪದದ ಅರ್ಥಕ್ಕೆ ವಿದ್ಯಾರ್ಥಿನಿ ಕಿಟೆಲ್ ನಿಘಂಟನ್ನು ಉಲ್ಲೇಖಿಸಿ, ‘ಕಿಟೆಲ್, 1894’ ಎಂದು ಬರೆದು ಪುಟಸಂಖ್ಯೆ ಕೊಟ್ಟಿದ್ದರು. ನನ್ನ ಪ್ರತಿಯಲ್ಲಿ ಆ ಪುಟ ತೆರೆದರೆ ಬೇರೆ ಯಾವುದೋ ಪದಗಳು. ವಿಚಾರಿಸಿದಾಗ ತಿಳಿಯಿತು: ಅವರು ನೋಡಿದ್ದು ಮದರಾಸು ವಿಶ್ವವಿದ್ಯಾಲಯದ ನಾಲ್ಕು ಸಂಪುಟಗಳ ಪರಿಷ್ಕೃತ ಆವೃತ್ತಿ, ಇಸವಿ ಮಾತ್ರ ಮೊದಲ ಮುದ್ರಣದ್ದು.

ನಿಘಂಟಿಗೆ ಪುಟಸಂಖ್ಯೆಯೇ ಬೇಡವೆನ್ನುತ್ತದೆ, ಆಕರಗಳನ್ನು ಉಲ್ಲೇಖಿಸುವ ಇಂಗ್ಲಿಷ್ ಪದ್ಧತಿಗಳಲ್ಲೊಂದಾದ ಶಿಕಾಗೊ ಶೈಲಿ. ಆವೃತ್ತಿ ಹೇಳಿ, ‘ಎಸ್.ವಿ.’ ಎಂದು ಹಾಕಿ, ಪದ ಬರೆದರಾಯಿತು. ಅದು ಲ್ಯಾಟಿನ್ನಿನ ‘ಸಬ್ ವರ್ಬೊ’, ಎಂದರೆ ‘ಈ ಪದದ ಕೆಳಗೆ’. ಹೆಸರಾಂತ ನಿಘಂಟುಗಳನ್ನು ಕೊನೆಯ ಗ್ರಂಥಸೂಚಿಗೆ ಸಾಮಾನ್ಯವಾಗಿ ಸೇರಿಸುವುದೂ ಇಲ್ಲ. ಎಂ.ಎಲ್.ಎ. ಶೈಲಿ (ಶಾಸಕರಿಗೂ ಇದಕ್ಕೂ ಸಂಬಂಧವಿಲ್ಲ) ಪದವನ್ನೇ ಉದ್ಧರಣ ಚಿಹ್ನೆಯೊಳಗಿಟ್ಟು ಮೊದಲು ಬರೆಯುತ್ತದೆ. ಎ.ಪಿ.ಎ.ಯಲ್ಲಿ ಕರ್ತೃ ಮತ್ತು ಇಸವಿ ಮುಂದೆ, ಪದ ಆಮೇಲೆ. ಮೂರರಲ್ಲೂ ಓದುಗನನ್ನು ದಾರಿ ಮುಟ್ಟಿಸುವುದು ಪದವೇ.

ಕನ್ನಡದಲ್ಲಿ ಈ ‘ಎಸ್.ವಿ.’ಗೆ ಏನು ಬಳಸೋಣ? ‘ನೋಡಿ’ ಎಂದರೆ ಅಡ್ಡ ಉಲ್ಲೇಖವೆಂಬ ಭ್ರಮೆ ಹುಟ್ಟುತ್ತದೆ. ‘ಪದದಡಿ’ ಅಡಿಟಿಪ್ಪಣಿಯ ಪಕ್ಕದಲ್ಲಿ ಕೂತು ಅಡಿಗಡಿಗೆ ಎಡವಿಸುತ್ತದೆ. ‘ನಮೂದು’ ಒಳ್ಳೆಯ ಪದವೇ, ಆದರೆ ನನ್ನ ಕಿವಿಗೆ ತಾಲ್ಲೂಕು ಕಚೇರಿಯ ವಾಸನೆ. ಸದ್ಯಕ್ಕೆ ‘ಕಿಟೆಲ್, ಪರಿಷ್ಕೃತ ಆವೃತ್ತಿ, ಕಾಡು (ನಾಮಪದ) ಎಂಬಲ್ಲಿ’ ಎಂದು ತಿದ್ದಿದ್ದೇನೆ. ಇಂಗ್ಲಿಷಿನಲ್ಲಿ ಪದಕ್ಕಿಂತ ಮುಂಚೆ ಬರುವುದು ನಮ್ಮಲ್ಲಿ ಪದದ ಬಾಲಕ್ಕೆ ಅಂಟಿಕೊಂಡರೆ ಸಹಜ. ಸಪ್ತಮಿ ವಿಭಕ್ತಿ ಇರುವುದೇ ಇದಕ್ಕೆ. ನಾಮಪದವೆಂದು ಹೇಳಲೇಬೇಕಾಯಿತು, ಏಕೆಂದರೆ ಅರಣ್ಯದ ‘ಕಾಡು’ ಬೇರೆ, ಪೀಡಿಸುವ ‘ಕಾಡು’ ಬೇರೆ. ಪುಟಸಂಖ್ಯೆ ಸರಿಯಿದ್ದರೂ ಇದು ಗೊತ್ತಾಗುತ್ತಿರಲಿಲ್ಲ.

ವಿದ್ಯಾರ್ಥಿನಿಯ ಮಾರ್ಗದರ್ಶಕರಿಗೆ ಮಾತ್ರ ಎರಡಕ್ಷರದ ಸಂಕ್ಷೇಪವೇ ಬೇಕಂತೆ.

ಇನ್ನೊಂದು ಸಣ್ಣ ತಕರಾರು. ಇಲ್ಲಿನ ಪ್ರಬಂಧಗಳಲ್ಲಿ ಮರಾಠಿಯ ‘ಸಂದರ್ಭ ಗ್ರಂಥ’ ನುಸುಳುತ್ತಿದೆ, ಹಿಂದಿನ ಟಿಪ್ಪಣಿಯ ಗ್ರಂಥವೇ ಮತ್ತೆ ಬಂದಾಗ ‘ಅದೇ’ ಎನ್ನುವ ಕಡೆ ‘ತತ್ರೈವ’ವೂ ಬರುತ್ತಿದೆ. ‘ತತ್ರೈವ’ ಸಂಸ್ಕೃತ, ಇರಲಿ. ಆದರೆ ಕನ್ನಡದ ‘ಸಂದರ್ಭ’ಕ್ಕೆ ಮರಾಠಿಯಲ್ಲಿರುವ ‘ಉಲ್ಲೇಖ’ದ ಅರ್ಥವಿಲ್ಲ, ‘ಪರಾಮರ್ಶನ ಗ್ರಂಥ’ ಎಂದು ತಿದ್ದುತ್ತೇನೆ. ಹಾಗೆ ತಿದ್ದಿದರೆ ನಿಘಂಟಿಗೂ ಓದಿದ ಎಲ್ಲ ಪುಸ್ತಕಗಳಿಗೂ ಒಂದೇ ಹೆಸರಾಗುತ್ತದೆ. ನೀವು ಇವೆರಡನ್ನು ಹೇಗೆ ಬೇರ್ಪಡಿಸುತ್ತೀರಿ? ‘ಎಂಬಲ್ಲಿ’ಗೆ ಸಂಕ್ಷೇಪವನ್ನು ಯಾರಾದರೂ ಹಳೆಯ ಸಂಪಾದನೆಗಳಲ್ಲಿ ಕಂಡಿದ್ದೀರಾ?