ಸಹಾಯ ಬೇಕು: ಎಂಜಿನ್‌ಎಕ್ಸ್ ಕಾನ್ಫಿಗ್ ಫೈಲ್ ಎಲ್ಲಿಡುವುದು?

ನಮಸ್ಕಾರ. ಬದಿಯಡ್ಕ ಹತ್ತಿರದ ನಮ್ಮೂರ ವಾಚನಾಲಯದ ವೆಬ್‌ಸೈಟನ್ನು ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಉಬುಂಟು ಸರ್ವರ್, ಅದರಲ್ಲಿ ಪುಟಗಳನ್ನು ಓದುಗರಿಗೆ ಕಳಿಸುವ ಎಂಜಿನ್‌ಎಕ್ಸ್ ತಂತ್ರಾಂಶ. ಕನ್ನಡಕ್ಕೊಂದು, ಮಲಯಾಳಕ್ಕೊಂದು ಸೈಟ್.

ಮೊದಲಿದ್ದವರು ಎರಡರ ಸೆಟ್ಟಿಂಗನ್ನೂ ‘ಎಂಜಿನ್‌ಎಕ್ಸ್.ಕಾನ್ಫ್’ ಎಂಬ ಮುಖ್ಯ ಕಾನ್ಫಿಗ್ ಫೈಲ್ ಒಳಗೇ ತುಂಬಿಸಿದ್ದಾರೆ. ಪ್ಯಾಕೇಜ್ ಅಪ್‌ಡೇಟ್ ಆಗುವಾಗ ಕೆಲವೊಮ್ಮೆ ಹಳೆ ಫೈಲ್ ಉಳಿಸಲಾ, ಹೊಸದು ಹಾಕಲಾ ಅಂತ ಕೇಳುತ್ತದೆ. ಹೊಸದು ಅಂದರೆ ಎರಡೂ ಸೈಟ್ ಹೋದ ಹಾಗೇ ಅಲ್ವಾ? ಅದಕ್ಕೇ ಬೇರೆ ಬೇರೆ ಫೈಲ್ ಮಾಡಬೇಕೆಂದಿದ್ದೇನೆ.

‘ಸೈಟ್ಸ್-ಅವೈಲಬಲ್’ ಫೋಲ್ಡರಿನಲ್ಲಿ ಫೈಲ್ ಇಟ್ಟು ‘ಸೈಟ್ಸ್-ಎನೇಬಲ್ಡ್’ ಫೋಲ್ಡರಿನಿಂದ ಸಿಮ್‌ಲಿಂಕ್ (ಆ ಫೈಲಿಗೆ ಕೊಂಡಿ) ಕೊಡುವುದು ಡೆಬಿಯನ್, ಉಬುಂಟು ಪದ್ಧತಿ. ನನಗೆ ‘ಕಾನ್ಫ್.ಡಿ’ ಫೋಲ್ಡರಿನಲ್ಲಿ ಇಡುವುದೇ ಸರಳ ಅನ್ನಿಸುತ್ತದೆ. ಅಲ್ಲಿ ‘.ಕಾನ್ಫ್’ ಅಂತ ಮುಗಿಯುವ ಫೈಲನ್ನಷ್ಟೇ ಓದುತ್ತದೆ. ಸೈಟ್ಸ್-ಎನೇಬಲ್ಡ್‌ನಲ್ಲಾದರೆ ಸುಮ್ನೆ ಬ್ಯಾಕಪ್ ಅಂತ ಇಟ್ಟ ಪ್ರತಿಯನ್ನೂ ಓದಿಬಿಡುತ್ತದೆ, ‘ಕಾನ್‌ಫ್ಲಿಕ್ಟಿಂಗ್ ಸರ್ವರ್ ನೇಮ್’ (ಒಂದೇ ಸೈಟ್ ಹೆಸರು ಎರಡು ಕಡೆ ಇದೆ) ಅಂತ ಎಚ್ಚರಿಕೆ ಬರುತ್ತದೆ. ಮುಂದೆ ಸರ್ವರ್ ಬದಲಿಸಬೇಕಾದರೆ ಯಾವುದು ಸುಲಭ?

ಇನ್ನೊಂದು ವಿಷಯ. ತಿದ್ದುವವರು ನಾವಿಬ್ಬರು. ಸುಡೋಎಡಿಟ್‌ನಲ್ಲಿ (ಅಡ್ಮಿನ್ ಹಕ್ಕಿನಿಂದ ಫೈಲ್ ತಿದ್ದುವ ಕಮಾಂಡ್) ತಿದ್ದಿ, ತಪ್ಪಿದೆಯಾ ಅಂತ ‘ಎಂಜಿನ್‌ಎಕ್ಸ್ -ಟಿ’ ಕೊಟ್ಟು ನೋಡಿ, ಆಮೇಲೆ ರೀಲೋಡ್ ಮಾಡುತ್ತೇವೆ. ಯಾರು ಏನು ಬದಲಿಸಿದರು ಅಂತ ತಿಳಿಯಲು ಎಟ್ಸಿಕೀಪರ್ (ಸರ್ವರಿನ ಕಾನ್ಫಿಗ್ ಫೈಲುಗಳ ಬದಲಾವಣೆ ದಾಖಲಿಸುವ ಸಾಧನ) ಸಾಕಾ? ಇಲ್ಲ, ಪ್ರತ್ಯೇಕ ಗಿಟ್ ರೆಪೋದಲ್ಲಿ (ಫೈಲುಗಳ ಬದಲಾವಣೆಯ ಇತಿಹಾಸ ಉಳಿಸುವ ಸಂಗ್ರಹ) ಇಟ್ಟು ಅಲ್ಲಿಂದ ಸರ್ವರಿಗೆ ಕಳಿಸುವುದು ಒಳ್ಳೆಯದಾ?

ಶಾಲೆ ಮಕ್ಕಳು ಹಳೆ ಪ್ರಶ್ನೆಪತ್ರಿಕೆಗಳಿಗೆ ಈ ಸೈಟನ್ನೇ ನಂಬಿದ್ದಾರೆ, ಪರೀಕ್ಷೆ ಹೊತ್ತಿಗೆ ನಿಲ್ಲಬಾರದು. ಅನುಭವ ಇರುವವರು ದಯವಿಟ್ಟು ತಿಳಿಸಿ.